ಪಾರಣೆಗೆ ಅಂಜುವ ಉಪವಾಸ

ಭಗವಾನ್ ಆದಿನಾಥರು ದೀಕ್ಷೆ ವಹಿಸಿದೊಡನೆ ಆರು ತಿಂಗಳ ಅನಶನವನ್ನು ಕೈಕೊಂಡು ಕಾಯೋತ್ಸರ್ಗದಲ್ಲಿ ನಿಂತರೆಂಬುದು ಪ್ರತಿಯೊಂದು ಜೈನ ಮನೆಯ ಮಕ್ಕಳಿಗೂ ತಿಳಿದ ವೃತ್ತಾಂತ. ಆದರೆ ಆ ಆರು ತಿಂಗಳು ಮುಗಿದ ಬಳಿಕ ನಡೆದುದನ್ನು ಮನನ ಮಾಡುವವರು ವಿರಳ. ಸ್ವಾಮಿಯೊಡನೆ ದೀಕ್ಷೆ ಪಡೆದಿದ್ದ ನಾಲ್ಕು ಸಾವಿರ ಅರಸರು ಹಸಿವು ನೀರಡಿಕೆಗಳನ್ನು ತಾಳಲಾರದೆ ಮಾರ್ಗಭ್ರಷ್ಟರಾಗಿದ್ದರು. ಆಗ ಸ್ವಾಮಿಯು ಯೋಗವನ್ನು ಮುಗಿಸಿ, ಮೋಕ್ಷಾರ್ಥಿಯಾದವನು ದೇಹವನ್ನು ಬರಿದೆ ಸೊರಗಿಸಲೂ ಬಾರದು, ಇಷ್ಟವಾದ ರಸಗಳಿಂದ ಕೊಬ್ಬಿಸಲೂ ಬಾರದು ಎಂದು ಆಲೋಚಿಸಿ, ಮುಂದಿನ ಯತಿಗಳಿಗೆ ಆಹಾರದ ವಿಧಿಯನ್ನು ತೋರಿಸಲೋಸುಗ ಚರ್ಯೆಗೆ ಹೊರಟರೆಂದು ಜಿನಸೇನಾಚಾರ್ಯರ ಆದಿಪುರಾಣವು ವರ್ಣಿಸುತ್ತದೆ. ದಾನದ ಕ್ರಮವನ್ನರಿಯದ ಜನರ ನಡುವೆ ಮತ್ತೆ ಹಲವು ತಿಂಗಳು ಕಳೆದು, ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಕಬ್ಬಿನ ರಸವನ್ನು ಅರ್ಪಿಸಿದ ದಿನವೇ ಅಕ್ಷಯತೃತೀಯೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲೋಕವು ಪರ್ವವೆಂದು ಆಚರಿಸುತ್ತಿರುವುದು ಉಪವಾಸ ಆರಂಭವಾದ ದಿನವನ್ನಲ್ಲ, ಪಾರಣೆಯ ದಿನವನ್ನು. ಜಿನಮಾರ್ಗದಲ್ಲಿ ಆಹಾರತ್ಯಾಗಕ್ಕೆ ಎಂತಹ ಸ್ಥಾನವಿದೆಯೋ ವಿಧಿಪೂರ್ವಕವಾದ ಆಹಾರಗ್ರಹಣಕ್ಕೂ ಅಂತಹುದೇ ಸ್ಥಾನವಿದೆ. ಈ ಮಾತನ್ನು ಇಂದು ಹದಿಹರೆಯದ ಮಕ್ಕಳಿರುವ ಶ್ರಾವಕ ಕುಟುಂಬಗಳು ವಿಶೇಷವಾಗಿ ಚಿಂತಿಸಬೇಕಾಗಿದೆ. ಏಕೆಂದರೆ ಆಹಾರದ ಭಯವೆಂಬ ಒಂದು ವ್ಯಾಧಿಯು ವ್ರತದ ವೇಷವನ್ನು ಧರಿಸಿ ಮನೆಯೊಳಗೆ ಪ್ರವೇಶಿಸಬಲ್ಲುದು. ವ್ರತದಲ್ಲಿ ಶ್ರದ್ಧೆಯುಳ್ಳ ಮನೆಯವರು ಅದನ್ನು ಗುರುತಿಸುವುದು ಇತರರಿಗಿಂತ ತಡವಾಗಬಹುದು.

ಒಂದು ದೃಷ್ಟಾಂತ

ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಒಂದೆಡೆ ಕೂಡಿಸಿ ದೃಷ್ಟಾಂತವಾಗಿ ಹೇಳುವುದಾದರೆ ಅದು ಹೀಗಿರುತ್ತದೆ. ಬೆಳಗಾವಿ ಸೀಮೆಯ ಒಂದು ಒಕ್ಕಲುತನದ ಕುಟುಂಬ. ಮಗಳಿಗೆ ಹದಿನಾರು ವರ್ಷ; ಪದವಿಪೂರ್ವ ತರಗತಿಯಲ್ಲಿ ಓದುತ್ತಾಳೆ; ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲೆಯ ಮಟ್ಟಕ್ಕೆ ಹೋಗಿ ಬಂದವಳು. ಮೈ ಹಗುರವಾದರೆ ವೇಗ ಹೆಚ್ಚುವುದೆಂದು ಯಾರೋ ಹೇಳಿದ ಮಾತು ಅವಳ ಮನಸ್ಸಿನಲ್ಲಿ ನೆಟ್ಟಿತು. ಮೊಬೈಲಿನಲ್ಲಿ ತುತ್ತು ತುತ್ತಿಗೂ ಕ್ಯಾಲೊರಿ ಎಣಿಸುವ ಸಾಧನ ಬಂದಿತು. ಅದೇ ವರ್ಷ ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಏಕಾಶನ ಮಾಡಿದಳು. ಬಸದಿಯಲ್ಲಿ ಎಲ್ಲರೂ ಹೊಗಳಿದರು. ಮೈ ಕರಗಿಸಿಕೊಂಡ ಮಗುವೆಂದು ಒಬ್ಬರು, ಇಂಥ ಮಗಳನ್ನು ಪಡೆದ ತಾಯಿಯೇ ಪುಣ್ಯವಂತೆಯೆಂದು ಮತ್ತೊಬ್ಬರು ಕೊಂಡಾಡಿದರು.

ಪರ್ವ ಮುಗಿಯಿತು, ಏಕಾಶನ ಮುಗಿಯಲಿಲ್ಲ. ಅಷ್ಟಮಿ ಚತುರ್ದಶಿಗಳಿಗೆ ಉಪವಾಸ ಸೇರಿತು. ಬಳಿಕ ರಸಪರಿತ್ಯಾಗವೆಂದು ತುಪ್ಪ, ಎಣ್ಣೆ, ಬೆಲ್ಲಗಳನ್ನು ಬಿಟ್ಟಳು. ಉಪ್ಪನ್ನು ಮಾತ್ರ ಬಿಡಲಿಲ್ಲ. ಓಟ ನಿಲ್ಲಲಿಲ್ಲ, ಹೆಚ್ಚಿತು. ತಾಯಿ ಒಂದು ರೊಟ್ಟಿಯನ್ನಾದರೂ ತಿನ್ನೆಂದು ಬೇಡಿಕೊಂಡರೆ, "ಅವ್ವಾ, ನನ್ನ ನಿಯಮ ಕೆಡಿಸಬ್ಯಾಡ" ಎಂಬ ಉತ್ತರ ಬರುತ್ತಿತ್ತು. ಆ ಮಾತಿನ ಮುಂದೆ ತಾಯಿಯ ಬಾಯಿ ಕಟ್ಟಿಹೋಗುತ್ತಿತ್ತು. ವ್ರತಕ್ಕೆ ಅಡ್ಡಿ ಮಾಡಿದರೆ ಅಂತರಾಯ ಕರ್ಮ ಕಟ್ಟಿಕೊಂಡಂತಾದೀತೆಂಬ ಅಂಜಿಕೆ ಒಂದು ಕಡೆ. ಕಣ್ಣೆದುರಿಗೆ ಸೊರಗುತ್ತಿರುವ ಮಗಳು ಇನ್ನೊಂದು ಕಡೆ. ಒಂದು ದಿನ, ತಟ್ಟೆಯಿಂದ ಕಾಣೆಯಾಗಿದ್ದ ರೊಟ್ಟಿಗಳು ಹಿತ್ತಲ ಗೋದಲಿಯಲ್ಲಿ ಸಿಕ್ಕವು. ಮಗಳಿಗೆ ಮೂರು ತಿಂಗಳಿಂದ ಮುಟ್ಟು ನಿಂತಿರುವುದೂ ಅಂದೇ ತಿಳಿದುಬಂದಿತು.

ಈ ತಾಯಿಯ ಸಂಕಟಕ್ಕೆ ಆಗಮವು ಏನು ಉತ್ತರ ಕೊಡುತ್ತದೆ, ವೈದ್ಯಶಾಸ್ತ್ರವು ಏನು ಹೇಳುತ್ತದೆ ಎಂಬುದೇ ಈ ಪಾಠದ ವಿಷಯ.

ವ್ರತದ ಲಕ್ಷಣ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಶಲ್ಯರಹಿತನಾದವನೇ ವ್ರತಿಯೆಂದು ಹೇಳುತ್ತಾರೆ. ಒಳಗೆ ಮುರಿದುಕೊಂಡ ಮುಳ್ಳಿನಂತೆ ಬಾಧಿಸುವ ಶಲ್ಯಗಳು ಮೂರು: ಮಾಯೆ, ನಿದಾನ, ಮಿಥ್ಯಾದರ್ಶನ. ಮಾಯೆಯೆಂದರೆ ಕಪಟ, ಮರೆಮಾಚುವಿಕೆ. ನಿದಾನವೆಂದರೆ ಭೋಗಾಕಾಂಕ್ಷೆ, ತಪಸ್ಸಿಗೆ ಲೌಕಿಕ ಫಲವನ್ನು ಬಯಸುವುದು. ಮಿಥ್ಯಾದರ್ಶನವೆಂದರೆ ತತ್ತ್ವದ ವಿಪರೀತ ಶ್ರದ್ಧೆ. ದೃಷ್ಟಾಂತದ ಬಾಲಿಕೆಯ ನಿಯಮವನ್ನು ಈ ಒರೆಗಲ್ಲಿಗೆ ಹಚ್ಚಿದರೆ ಮೂರು ಮುಳ್ಳುಗಳೂ ಕಾಣಿಸುತ್ತವೆ. ರೊಟ್ಟಿಯನ್ನು ಮರೆಮಾಚಿದುದು ಮಾಯೆ. ತೆಳುವಾದ ಮೈಯನ್ನೂ ಓಟದ ಗೆಲುವನ್ನೂ ಬಯಸಿದುದು ನಿದಾನ. ದೇಹದ ತೂಕವೇ ತನ್ನ ಯೋಗ್ಯತೆಯೆಂದು ನಂಬಿದುದು ದೇಹವನ್ನೇ ಆತ್ಮವೆಂದು ಭಾವಿಸುವ ವಿಪರೀತ ಬುದ್ಧಿ. ಹೀಗೆ ಹೇಳುವುದು ಆ ಮಗುವನ್ನು ದೂಷಿಸುವುದಕ್ಕಲ್ಲ. ಮುಳ್ಳು ಚುಚ್ಚಿದವರನ್ನು ಯಾರೂ ಬಯ್ಯುವುದಿಲ್ಲ, ಮುಳ್ಳನ್ನು ತೆಗೆಯುತ್ತಾರೆ.

ಕನ್ನಡ ನಾಡಿಗೆ ಹೆಮ್ಮೆ ತಂದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅನಶನದ ಪ್ರಯೋಜನವನ್ನು ಸ್ಪಷ್ಟವಾಗಿ ಎಣಿಸಿದ್ದಾರೆ. ಕಣ್ಣಿಗೆ ಕಾಣುವ ಫಲವನ್ನು ಅಪೇಕ್ಷಿಸದೆ, ಸಂಯಮದ ಸಿದ್ಧಿ, ರಾಗದ ಉಚ್ಛೇದ, ಕರ್ಮನಾಶ, ಧ್ಯಾನ ಹಾಗೂ ಆಗಮಜ್ಞಾನದ ಪ್ರಾಪ್ತಿ ಇವುಗಳಿಗಾಗಿ ಮಾಡುವುದೇ ಅನಶನ. ತೂಕದ ಯಂತ್ರದ ಮೇಲಿನ ಅಂಕೆಯು ಕಣ್ಣಿಗೆ ಕಾಣುವ ಫಲವಲ್ಲದೆ ಮತ್ತೇನು? ಷೋಡಶ ಭಾವನೆಗಳಲ್ಲಿಯೂ ತ್ಯಾಗ ಮತ್ತು ತಪಸ್ಸುಗಳಿಗೆ ಶಕ್ತಿಗೆ ತಕ್ಕಂತೆ ಎಂಬ ಮಿತಿಯನ್ನು ಹೇಳಿದೆ. ಶಕ್ತಿಯನ್ನು ಅಡಗಿಸಬಾರದು, ಶಕ್ತಿಯನ್ನು ಮೀರಲೂಬಾರದು.

ಸರ್ವಸಂಗಪರಿತ್ಯಾಗಿಗಳಾದ ಮುನಿಗಳಿಗೂ ಆಹಾರವು ನಿಷಿದ್ಧವಲ್ಲ. ಮೂಲಾಚಾರದಲ್ಲಿ ವಟ್ಟಕೇರಾಚಾರ್ಯರು ಮುನಿಯು ಆಹಾರ ಸ್ವೀಕರಿಸಲು ಆರು ಕಾರಣಗಳನ್ನು ಹೇಳಿದ್ದಾರೆ: ಹಸಿವಿನ ವೇದನೆಯ ಶಮನ, ವೈಯಾವೃತ್ಯ, ಆವಶ್ಯಕ ಕ್ರಿಯೆಗಳ ಪಾಲನೆ, ಸಂಯಮ, ಪ್ರಾಣಧಾರಣೆ, ಧರ್ಮಚಿಂತನೆ. ಉಣ್ಣುವುದೂ ಸಂಯಮದ ಅಂಗವೆಂಬುದು ಇದರಿಂದ ಸಿದ್ಧವಾಗುತ್ತದೆ. ಅದೇ ಗ್ರಂಥವು ಹೊಟ್ಟೆಯ ಅರ್ಧವನ್ನು ಅನ್ನಕ್ಕೂ, ಮೂರನೆಯ ಪಾಲನ್ನು ನೀರಿಗೂ, ನಾಲ್ಕನೆಯ ಪಾಲನ್ನು ವಾಯುಸಂಚಾರಕ್ಕೂ ಮೀಸಲಿಡಲು ಹೇಳುವಾಗ ಅಳತೆಗೋಲಾಗಿರುವುದು ತನ್ನ ಹೊಟ್ಟೆಯೇ ಹೊರತು ಯಾವುದೋ ಯಂತ್ರದ ಲೆಕ್ಕವಲ್ಲ.

ಇನ್ನು ಅಹಿಂಸೆಯ ದೃಷ್ಟಿ. ಪ್ರಮಾದಯೋಗದಿಂದ ಪ್ರಾಣಗಳನ್ನು ಪೀಡಿಸುವುದು ಹಿಂಸೆ. ಪ್ರಾಣಗಳು ಹತ್ತು: ಐದು ಇಂದ್ರಿಯಗಳು, ಮನೋವಚನಕಾಯಗಳೆಂಬ ಮೂರು ಬಲಗಳು, ಆಯುಸ್ಸು, ಶ್ವಾಸೋಚ್ಛ್ವಾಸ. ಇರುವೆಯ ಪ್ರಾಣವನ್ನು ಕಾಯಲು ನೆಲ ನೋಡಿ ನಡೆಯುವ ಮನೆಯಲ್ಲಿ, ಮಗುವಿನ ಕಾಯಬಲ ಮನೋಬಲಗಳು ಕುಂದುವುದನ್ನು ನೋಡುತ್ತ ಕೂಡುವುದು ದಯೆಯಾಗಲಾರದು. ಸಲ್ಲೇಖನೆಯ ಹೆಸರನ್ನೂ ಇಲ್ಲಿ ತರಲಾಗದು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಅದು ವಿಹಿತವೆಂದು ಸಮಂತಭದ್ರಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರವು ನಿಯಮಿಸಿದೆ. ಬೆಳೆಯುವ ಮಗುವಿನ ಕೃಶತೆಗೆ ಪ್ರತೀಕಾರವಿದೆ. ಆದುದರಿಂದ ಪ್ರತೀಕಾರವನ್ನು ಮಾಡುವುದೇ ಧರ್ಮ.

ಹಸಿವಿನಿಂದ ಬೆಳೆಯುವ ಆಸಕ್ತಿ

ಉಣ್ಣದೆ ಇದ್ದರೆ ಅನ್ನದ ಮೇಲಿನ ಆಸಕ್ತಿ ತಾನಾಗಿ ಕಡಿಮೆಯಾಗುವುದೆಂದು ಕೆಲವರು ತಿಳಿಯುತ್ತಾರೆ. ಸಾಧನೆಯಿಲ್ಲದ ಬರಿಯ ಹಸಿವು ಹಾಗೆ ಮಾಡುವುದಿಲ್ಲ. 1944ರ ಕೊನೆಯಿಂದ 1945ರವರೆಗೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು ಮೂವತ್ತಾರು ಮಂದಿ ಆರೋಗ್ಯವಂತ ತರುಣರ ಮೇಲೆ ಪರೀಕ್ಷೆ ನಡೆಸಿದರು. ಯುದ್ಧದಲ್ಲಿ ಆಯುಧ ಹಿಡಿಯಲಾರೆವೆಂದು ನಿರಾಕರಿಸಿ, ಯುದ್ಧದಿಂದ ಹಸಿದವರಿಗೆ ನೆರವಾಗಲೆಂದು ತಾವಾಗಿ ಮುಂದೆ ಬಂದ ತರುಣರು ಅವರು. ಇಪ್ಪತ್ತನಾಲ್ಕು ವಾರಗಳ ಕಾಲ ಅವರಿಗೆ ಸುಮಾರು ಅರ್ಧದಷ್ಟು ಆಹಾರವನ್ನು ಮಾತ್ರ ಕೊಡಲಾಯಿತು. ತೂಕವು ಕಾಲುಭಾಗದಷ್ಟು ಇಳಿಯಿತು. ಅವರ ಮನಸ್ಸು ಅನ್ನದಿಂದ ಬಿಡುಗಡೆ ಹೊಂದಲಿಲ್ಲ, ಅನ್ನಕ್ಕೇ ಅಂಟಿಕೊಂಡಿತು. ಹಗಲಿರುಳೂ ಊಟದ ಚಿಂತೆ, ಅಡಿಗೆಯ ಪುಸ್ತಕಗಳನ್ನು ಕೂಡಿಹಾಕುವ ಚಟ, ಒಂದು ತುತ್ತನ್ನು ಬಹಳ ಹೊತ್ತು ತಿನ್ನುವ ಅಭ್ಯಾಸ, ಸಿಡುಕು, ಖಿನ್ನತೆ ಇವೆಲ್ಲ ಕಾಣಿಸಿಕೊಂಡವು. ಆಹಾರ ಮರಳಿ ದೊರೆತ ಮೇಲೂ ಕೆಲವರಲ್ಲಿ ಇವು ತಿಂಗಳುಗಟ್ಟಲೆ ಉಳಿದವು.

ಈ ಸ್ಥಿತಿಯನ್ನು ಆಗಮದ ಮಾತಿನಲ್ಲಿ ಆರ್ತಧ್ಯಾನವೆನ್ನಬೇಕು. ದಿನವಿಡೀ ಅಂಕೆಗಳನ್ನು ಎಣಿಸುವ ಬಾಲಿಕೆಯ ಚಿತ್ತವು ಎಲ್ಲರಿಗಿಂತ ಕಡಿಮೆ ಉಂಡೂ ಎಲ್ಲರಿಗಿಂತ ಹೆಚ್ಚು ಅನ್ನದಲ್ಲಿಯೇ ಮುಳುಗಿರುತ್ತದೆ. ರಾಗದ ಉಚ್ಛೇದವಾಗಬೇಕಾದಲ್ಲಿ ರಾಗವೂ ಭಯವೂ ಒಟ್ಟಿಗೆ ಬೆಳೆದಿವೆ.

ದೇಹದ ಲೆಕ್ಕವನ್ನೂ ತಿಳಿಯಬೇಕು. ಸುಮ್ಮನೆ ಮಲಗಿರುವಾಗಲೂ ಹೃದಯ, ಮಿದುಳು, ಶ್ವಾಸಕೋಶಗಳು ಕೆಲಸ ಮಾಡುತ್ತಲೇ ಇರುತ್ತವೆ. ಸಾಮಾನ್ಯ ಮನುಷ್ಯನ ದಿನದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ವೆಚ್ಚವಾಗುತ್ತದೆ. ಹದಿಹರೆಯದಲ್ಲಿ ಬೆಳವಣಿಗೆಯ ವೆಚ್ಚವೂ, ಕ್ರೀಡಾಪಟುವಾದರೆ ಓಟದ ವೆಚ್ಚವೂ ಅದಕ್ಕೆ ಸೇರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ 16ರಿಂದ 18 ವರ್ಷದ ಬಾಲಿಕೆಗೆ ದಿನಕ್ಕೆ ಸುಮಾರು 2500 ಕಿಲೋಕ್ಯಾಲೊರಿಯೂ, ಬಾಲಕನಿಗೆ ಸುಮಾರು 3300 ಕಿಲೋಕ್ಯಾಲೊರಿಯೂ ಬೇಕು. ಈ ಅಂಕೆಗಳನ್ನು ತಂದೆತಾಯಿಗಳು ತಿಳಿದುಕೊಂಡರೆ ಸಾಕು. ಎಣಿಕೆಯಿಂದ ಬಳಲುತ್ತಿರುವ ಮಗುವಿನ ಕೈಗೆ ಮತ್ತೊಂದು ಎಣಿಕೆಯನ್ನು ಕೊಡಬಾರದು.

ಆದಾಯ ಕಡಿಮೆಯಾದಾಗ ಮನೆಯ ಯಜಮಾನನು ವೆಚ್ಚಗಳನ್ನು ಒಂದೊಂದಾಗಿ ನಿಲ್ಲಿಸುವಂತೆ ದೇಹವೂ ಮಾಡುತ್ತದೆ. ಮುಟ್ಟು ನಿಲ್ಲುತ್ತದೆ, ಎಲುಬು ಟೊಳ್ಳಾಗತೊಡಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ನಾಡಿ ನಿಧಾನವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಕ್ರೀಡಾಪಟುಗಳ ಈ ಶಕ್ತಿಕೊರತೆಗೆ ಪ್ರತ್ಯೇಕ ಹೆಸರನ್ನೇ ಕೊಟ್ಟು, ಇದು ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಉಂಟಾಗುವುದೆಂದು ಎಚ್ಚರಿಸಿದರು. ಹಗುರವಾದ ಮೈ ಮೊದಲು ಕೆಲವು ದಿನ ವೇಗವಾಗಿ ಓಡಿದಂತೆ ತೋರಿದರೂ ಮುಂದೆ ಎಲುಬು ಬಿರುಕುಬಿಟ್ಟು ಓಟವೇ ನಿಲ್ಲಬಹುದು.

ವ್ರತವೋ ಭಯವೋ

ಮನೆಯವರು ಎರಡನ್ನೂ ಹೇಗೆ ಬೇರ್ಪಡಿಸಿ ತಿಳಿಯಬೇಕು? ಐದು ಗುರುತುಗಳನ್ನು ನೋಡಬಹುದು.

ಒಂದು, ವ್ರತಕ್ಕೆ ಕಾಲದ ಮಿತಿಯಿದೆ, ಭಯಕ್ಕೆ ಮುಕ್ತಾಯವಿಲ್ಲ. ಎರಡು, ವ್ರತವು ದೇವಗುರುಗಳ ಸಾಕ್ಷಿಯಾಗಿ, ಮನೆಯವರಿಗೆ ತಿಳಿದು ನಡೆಯುತ್ತದೆ; ಭಯವು ಮರೆಯನ್ನು ಹುಡುಕುತ್ತದೆ. ಮೂರು, ವ್ರತಿಯು ಉಪವಾಸದ ದಿನವನ್ನು ಪೂಜೆ, ಸ್ವಾಧ್ಯಾಯ, ಸಾಮಾಯಿಕಗಳಲ್ಲಿ ಕಳೆಯುತ್ತಾನೆ. ಭಯಪಟ್ಟವನು ಕನ್ನಡಿ, ತೂಕ, ವ್ಯಾಯಾಮಗಳಲ್ಲಿ ಕಳೆಯುತ್ತಾನೆ. ನಾಲ್ಕು, ವ್ರತದಿಂದ ಮಾತು ಮೃದುವಾಗುತ್ತದೆ. ಭಯದಿಂದ ಸಿಡುಕು ಹೆಚ್ಚುತ್ತದೆ. ಐದನೆಯದು ಎಲ್ಲಕ್ಕಿಂತ ಸ್ಪಷ್ಟವಾದುದು: ವ್ರತಿಯು ಪಾರಣೆಯ ತುತ್ತನ್ನು ಶಾಂತಭಾವದಿಂದ ಸ್ವೀಕರಿಸುತ್ತಾನೆ, ಭಯಪಟ್ಟವನಿಗೆ ಉಪವಾಸವು ಸುಲಭ, ಪಾರಣೆಯೇ ಕಠಿಣ. ಪಾರಣೆಗೆ ಅಂಜುವ ಉಪವಾಸವು ತಪಸ್ಸಲ್ಲವೆಂದು ನಿಶ್ಚಯವಾಗಿ ತಿಳಿಯಬೇಕು.

ಮನೆಯವರ ಕರ್ತವ್ಯ

ಮೊದಲನೆಯದು ವೈದ್ಯರ ಬಳಿಗೆ ಕರೆದೊಯ್ಯುವುದು. ಮೂರು ತಿಂಗಳು ಮುಟ್ಟು ನಿಂತಿದ್ದರೆ, ತಲೆಸುತ್ತಿ ಬೀಳುತ್ತಿದ್ದರೆ, ತೂಕ ಶೀಘ್ರವಾಗಿ ಇಳಿದಿದ್ದರೆ, ಉಂಡುದನ್ನು ವಾಂತಿ ಮಾಡಿಕೊಳ್ಳುತ್ತಿದ್ದರೆ ತಡಮಾಡಲಾಗದು. ಎದೆನೋವು ಬಂದರೆ, ಜ್ಞಾನ ತಪ್ಪಿದರೆ, ಬದುಕು ಬೇಡವೆಂಬ ಮಾತು ಬಾಯಿಗೆ ಬಂದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆ ಸೇರಬೇಕು. ವೈದ್ಯರು ಅನುಮತಿಸುವವರೆಗೆ ಓಟವನ್ನು ನಿಲ್ಲಿಸಬೇಕು. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಉಣಿಸುವುದೂ ಅಪಾಯವಾದುದರಿಂದ ಮೊದಲ ದಿನಗಳ ಆಹಾರಕ್ರಮವನ್ನು ಅವರಿಂದಲೇ ಕೇಳಿ ತಿಳಿಯಬೇಕು. ಮನಸ್ಸಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಿವೆ; 2022ರಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಸಲಹೆ ನೀಡುತ್ತಿದೆ.

ಎರಡನೆಯದು ಊಟದ ಹೊಣೆಯನ್ನು ತಂದೆತಾಯಿಗಳು ಕೆಲಕಾಲ ತಾವೇ ವಹಿಸಿಕೊಳ್ಳುವುದು. ಲಂಡನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡು ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಚಿಕಿತ್ಸಾಕ್ರಮದ ತಿರುಳೂ ಇದೇ: ತಪ್ಪು ಯಾರದೆಂದು ಹುಡುಕುತ್ತ ಕೂಡದೆ, ಏನನ್ನು, ಎಷ್ಟು, ಯಾವಾಗ ಉಣ್ಣಬೇಕೆಂಬುದನ್ನು ಹಿರಿಯರು ನಿರ್ಧರಿಸಿ, ಮಗುವಿನ ಜೊತೆಗೆ ಕುಳಿತು, ಬಯ್ಯದೆ, ಬಿಡದೆ ಉಣ್ಣಿಸುವುದು. ಮಗು ಚೇತರಿಸಿಕೊಂಡಂತೆ ಹೊಣೆಯನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೇ ಮರಳಿಸುವುದು. ತಟ್ಟೆಯ ಮುಂದೆ ಕ್ಯಾಲೊರಿಯ ಮಾತು, ತೂಕದ ಮಾತು, ಇತರ ಮಕ್ಕಳೊಡನೆ ಹೋಲಿಕೆ ಇವಾವುವೂ ಸಲ್ಲವು.

ಮೂರನೆಯದು ಹೊತ್ತಿನ ವ್ಯವಸ್ಥೆ. ರಾತ್ರಿಭೋಜನತ್ಯಾಗವುಳ್ಳ ಮನೆಯ ಕ್ರೀಡಾಪಟುವಿಗೆ ಇದು ನಿಜವಾದ ತೊಡಕು. ಚಳಿಗಾಲದಲ್ಲಿ ಸೂರ್ಯಾಸ್ತವು ಆರು ಗಂಟೆಯ ಸುಮಾರಿಗೆ ಆಗುತ್ತದೆ. ಮೈದಾನದಿಂದ ಮಕ್ಕಳು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹೀಗಾಗಿ ಸಂಜೆಯ ಊಟ ದಿನವೂ ತಪ್ಪಿ, ಅದು ನಿಯಮವೆಂದೇ ತೋರುತ್ತದೆ. ನಿಯಮವು ರಾತ್ರಿಯ ಊಟವನ್ನು ಬಿಡಿಸುತ್ತದೆಯೇ ಹೊರತು ದಿನದ ಆಹಾರವನ್ನು ಕಡಿತಗೊಳಿಸುವುದಿಲ್ಲ. ಬೆಳಿಗ್ಗೆ ಅಭ್ಯಾಸ ಮಾಡಿಸುವಂತೆ ತರಬೇತುದಾರರನ್ನು ಕೇಳಿಕೊಳ್ಳಬಹುದು. ಸಾಧ್ಯವಾಗದಿದ್ದರೆ ಶಾಲೆ ಬಿಟ್ಟೊಡನೆ ಉಣ್ಣಲು ಡಬ್ಬಿ ಕಟ್ಟಿಕೊಡಬಹುದು. ಜೋಳದ ರೊಟ್ಟಿ, ಬೇಳೆ, ಶೇಂಗಾ ಹಿಂಡಿ, ತುಪ್ಪ, ಬೆಲ್ಲ, ಹಾಲು, ಬಾಳೆಹಣ್ಣು, ಖರ್ಜೂರ ಇವೆಲ್ಲ ಕಂದಮೂಲವಿಲ್ಲದ ಶುದ್ಧಾಹಾರಗಳೇ, ಬಲವನ್ನೂ ಕೊಡುತ್ತವೆ. ದ್ವಿದಳದೊಡನೆ ಮೊಸರನ್ನು ಬೆರೆಸದ ಮನೆಗಳಲ್ಲಿ ಎರಡನ್ನೂ ಬೇರೆ ಬೇರೆ ಹೊತ್ತಿಗೆ ಇಡಬಹುದು. ಔಷಧಿ ಆಹಾರಗಳನ್ನು ರಾತ್ರಿಯಲ್ಲಿ ಕೊಡಲೇಬೇಕೆಂದು ವೈದ್ಯರು ಹೇಳಿದರೆ ಗುರುಗಳಲ್ಲಿ ನಿವೇದಿಸಿ ಅಂತೆಯೇ ನಡೆಯಬೇಕು.

ನಾಲ್ಕನೆಯದು ನಿಯಮದ ಪ್ರಶ್ನೆ. ತಾಯಿಯ ಅಂಜಿಕೆಗೆ ಇಲ್ಲಿ ಪರಿಹಾರವಿದೆ. ಮಗುವನ್ನು ಮುನಿಗಳ ಅಥವಾ ಆರ್ಯಿಕಾ ಮಾತಾಜಿಯವರ ಸಾನ್ನಿಧ್ಯಕ್ಕೆ ಕರೆದೊಯ್ದು ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕು. ಗುರುಗಳ ಆಜ್ಞೆಯಿಂದ ಉಪವಾಸ, ಏಕಾಶನ, ರಸತ್ಯಾಗಗಳನ್ನು ಸಡಿಲಿಸಿದರೆ ಅದು ವ್ರತಭಂಗವೆಂಬ ಅಳುಕಿಗೆ ಅವಕಾಶವಿರುವುದಿಲ್ಲ. ತಪಸ್ಸು ಹನ್ನೆರಡು ಬಗೆ. ಅವುಗಳಲ್ಲಿ ಆಹಾರಕ್ಕೆ ನೇರವಾಗಿ ಸಂಬಂಧಿಸಿದವು ಕೆಲವೇ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಅಂತರಂಗ ತಪಗಳಿಗೆ ಒಂದು ತುತ್ತನ್ನೂ ಬಿಡಬೇಕಾಗಿಲ್ಲ. ಅಷ್ಟಮಿಯ ದಿನ ಆ ಬಾಲಿಕೆಯು ಹೊಟ್ಟೆತುಂಬ ಉಂಡು ಅಜ್ಜಿಗೆ ಶಾಸ್ತ್ರ ಓದಿ ಹೇಳಲಿ. ಆಹಾರದಾನಕ್ಕೆ ನಿಂತವರ ಜೊತೆಗೆ ನಿಂತು ನೆರವಾಗಲಿ. ಏನನ್ನಾದರೂ ತ್ಯಜಿಸಲೇಬೇಕೆಂಬ ಹಂಬಲವಿದ್ದರೆ ಮೊಬೈಲಿನ ಎಣಿಕೆಯನ್ನು ತ್ಯಜಿಸಲಿ. ತುಪ್ಪವನ್ನು ಬಿಡುವುದು ಅವಳಿಗೆ ಸುಲಭ. ಎಣಿಕೆಯನ್ನು ಬಿಡುವುದು ಬಲು ಕಷ್ಟ. ಎಲ್ಲಿ ಆಸಕ್ತಿಯಿದೆಯೋ ಅಲ್ಲಿಯೇ ತ್ಯಾಗಕ್ಕೆ ಅರ್ಥವಿದೆ.

ಐದನೆಯದು ಸಮಾಜದ ಕರ್ತವ್ಯ. ಬಸದಿಯಲ್ಲಿ ಉಪವಾಸಿಗಳನ್ನು ಗೌರವಿಸುವಾಗ ಮೈ ಸೊರಗಿದುದನ್ನು ಹೊಗಳಬಾರದು. ಮಕ್ಕಳ ನಡುವೆ ಉಪವಾಸದ ದಿನಗಳನ್ನೆಣಿಸಿ ಸ್ಪರ್ಧೆ ಏರ್ಪಡಿಸಬಾರದು. ಹದಿನೆಂಟು ತುಂಬದ ಮಗು ದೀರ್ಘ ನಿಯಮವನ್ನು ಕೇಳಿದಾಗ, ಏಕೆ ಬೇಕು, ಪಾರಣೆಯನ್ನು ಎಂದು ಮಾಡುವೆ ಎಂದು ಎರಡು ಮಾತು ಕೇಳುವ ಹಿರಿಯರು ಪ್ರತಿ ಊರಿನಲ್ಲಿಯೂ ಇರಬೇಕು.

ಉಪಸಂಹಾರ

ಇಂತಹ ಭಯವು ಒಂದು ವಾರದಲ್ಲಿ ಹೋಗುವುದಿಲ್ಲ. ತಿಂಗಳುಗಳು ಹಿಡಿಯುತ್ತವೆ, ನಡುವೆ ಹಿಂಜರಿತಗಳೂ ಉಂಟು. ದೃಷ್ಟಾಂತದ ಬಾಲಿಕೆಯೂ ಭಾದ್ರಪದದಲ್ಲಿ ಬಿದ್ದ ಹಳ್ಳದಿಂದ ವೈಶಾಖದವರೆಗೆ ಪೂರ್ಣವಾಗಿ ಮೇಲೆದ್ದಿರಲಾರಳು. ಆದರೆ ಅಕ್ಷಯತೃತೀಯೆಯ ದಿನ ಮನೆಯವರೆಲ್ಲ ಒಟ್ಟಿಗೆ ಕುಳಿತು ಕಬ್ಬಿನ ಹಾಲನ್ನು ಕುಡಿಯುವಾಗ, ಅದರ ಲೆಕ್ಕವನ್ನು ಕೇಳದೆ ಒಂದು ಲೋಟವನ್ನು ಅವಳೂ ತೆಗೆದುಕೊಂಡಳೆಂದರೆ ಅದು ಅಲ್ಪ ಸಾಧನೆಯಲ್ಲ. ಆದಿಸ್ವಾಮಿಯು ಕೈಗಳನ್ನು ಜೋಡಿಸಿ ಸ್ವೀಕರಿಸಿದ ರಸವದು. ಭಯವಿಲ್ಲದೆ ಉಣ್ಣಬಲ್ಲವನಿಗೆ ಮಾತ್ರ ಮುಂದೊಂದು ದಿನ ಭಯವಿಲ್ಲದೆ ಉಪವಾಸ ಮಾಡುವ ಯೋಗ್ಯತೆಯೂ ಬರುತ್ತದೆ.

ಮನನಕ್ಕಾಗಿ ಪ್ರಶ್ನೆಗಳು

1. ಮೂರು ಶಲ್ಯಗಳು ಯಾವುವು? ಅವು ಉಪವಾಸದಲ್ಲಿ ಹೇಗೆ ಪ್ರವೇಶಿಸುತ್ತವೆ?
2. ಮುನಿಯು ಆಹಾರ ಸ್ವೀಕರಿಸುವ ಆರು ಕಾರಣಗಳನ್ನು ಹೇಳಿರಿ. ಅವುಗಳಲ್ಲಿ ಗೃಹಸ್ಥರಿಗೂ ಅನ್ವಯಿಸುವವು ಯಾವುವು?
3. ವ್ರತವನ್ನೂ ಆಹಾರಭಯವನ್ನೂ ಬೇರ್ಪಡಿಸುವ ಐದು ಗುರುತುಗಳಾವುವು?
4. ಆಹಾರವನ್ನು ಬಿಡದೆ ಆಚರಿಸಬಹುದಾದ ತಪಗಳಾವುವು? ಮುಂದಿನ ಅಷ್ಟಮಿಗೆ ಮನೆಯ ಮಕ್ಕಳು ಅವುಗಳಲ್ಲಿ ಯಾವುದನ್ನು ಕೈಕೊಳ್ಳಬಹುದು?